ಒಂದೇ ತರಂಗಪಟ್ಟಿ, ಮನೆ ತುಂಬ ಸಾಧನ

ಮೈಕ್ರೊವೇವ್ ಓವನ್, ವೈಫೈ ರೂಟರ್, ಬ್ಲೂಟೂತ್ ಇಯರ್‌ಫೋನ್, ವೈರ್‌ಲೆಸ್ ಮೌಸ್, ಮದುವೆ ಮಂಟಪದ ಮೇಲೆ ಹಾರಾಡುವ ಡ್ರೋನ್. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಸಾಧನಗಳು ಸಾಮಾನ್ಯವಾಗಿ ಬಳಸುವುದು ಒಂದೇ ರೇಡಿಯೊ ತರಂಗಪಟ್ಟಿಯನ್ನು. 2,400ರಿಂದ 2,500 ಮೆಗಾಹರ್ಟ್ಸ್‌ವರೆಗಿನ ಈ ಪಟ್ಟಿಗೆ ಬಳಕೆಯಲ್ಲಿ ‘2.4 ಗಿಗಾಹರ್ಟ್ಸ್’ ಎಂದೇ ಹೆಸರು. ಇಲ್ಲಿನ ತರಂಗಗಳು ಸೆಕೆಂಡಿಗೆ 240 ಕೋಟಿಗೂ ಹೆಚ್ಚು ಸಲ ಕಂಪಿಸುತ್ತವೆ.

ಇದು ದೊಡ್ಡ ನಗರಗಳಿಗಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ. ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ತುಂಗಭದ್ರೆಯ ಉತ್ತರ ದಂಡೆಯಲ್ಲಿ, ಭತ್ತದ ಗದ್ದೆ ಮತ್ತು ಬಂಡೆಗುಡ್ಡಗಳ ನಡುವೆ ಇರುವ ಊರು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಲು ಬರುವ ಭಕ್ತರು, ಹಂಪಿ–ಆನೆಗೊಂದಿ ನೋಡಲು ಬರುವ ಪ್ರವಾಸಿಗರು ಹೆಚ್ಚಿದಂತೆ ಈ ಭಾಗದಲ್ಲಿ ಹೋಮ್‌ಸ್ಟೇಗಳೂ ಬೆಳೆದಿವೆ. ಇಂಥ ಒಂದು ಹೋಮ್‌ಸ್ಟೇಯ ಪಡಸಾಲೆಯಲ್ಲಿ ರೂಟರ್, ಅಡುಗೆಮನೆಯಲ್ಲಿ ಓವನ್, ಅತಿಥಿಗಳ ಕಿಸೆಯಲ್ಲಿ ಫೋನ್, ಮಾಳಿಗೆಯ ಮೇಲೆ ಡಿಟಿಎಚ್ ತಟ್ಟೆ ಇರುವುದು ಈಗ ಸಹಜ. ಎಲ್ಲವೂ ಮೈಕ್ರೊವೇವ್ ಸಾಧನಗಳೇ. ಹಾಲು ಕಾಯಿಸುವ ತರಂಗವೇ ಹಾಡನ್ನೂ ಹೊತ್ತು ತರುವುದಾದರೆ ಅದರ ನಡುವೆ ಬದುಕುವುದು ಸುರಕ್ಷಿತವೇ, ಇಷ್ಟೊಂದು ಸಾಧನಗಳು ಒಂದೇ ಪಟ್ಟಿಯಲ್ಲಿ ಡಿಕ್ಕಿ ಹೊಡೆಯದೆ ಹೇಗೆ ಕೆಲಸ ಮಾಡುತ್ತವೆ ಎಂಬ ಎರಡು ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಮೊದಲನೆಯದಕ್ಕೆ ಉತ್ತರ ಆವರ್ತನದಲ್ಲಿಲ್ಲ, ಶಕ್ತಿಯ ಪ್ರಮಾಣದಲ್ಲಿದೆ. ಎರಡನೆಯದಕ್ಕೆ ಉತ್ತರ ಹಂಚಿಕೊಳ್ಳುವ ಶಿಸ್ತಿನಲ್ಲಿದೆ.

ತರಂಗದ ಅಳತೆ

ಬೆಳಕು, ರೇಡಿಯೊ, ಎಕ್ಸ್-ರೇ ಎಲ್ಲವೂ ವಿದ್ಯುತ್ಕಾಂತೀಯ ತರಂಗಗಳೇ. ಅವುಗಳ ನಡುವಿನ ವ್ಯತ್ಯಾಸ ಕಂಪನದ ವೇಗದಲ್ಲಿದೆ. 300 ಮೆಗಾಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್‌ವರೆಗಿನ ರೇಡಿಯೊ ತರಂಗಗಳಿಗೆ ಮೈಕ್ರೊವೇವ್ ಎನ್ನುತ್ತಾರೆ. ಆಕಾಶವಾಣಿಯ ಮಧ್ಯಮ ತರಂಗ ನೂರಾರು ಮೀಟರ್ ಉದ್ದವಿದ್ದರೆ, ಮೈಕ್ರೊವೇವ್‌ಗಳ ಉದ್ದ ಒಂದು ಮೀಟರಿನಿಂದ ಒಂದು ಮಿಲಿಮೀಟರಿನ ನಡುವೆ ಇರುತ್ತದೆ. ಓವನ್ ಬಳಸುವ 2,450 ಮೆಗಾಹರ್ಟ್ಸ್ ತರಂಗದ ಉದ್ದ 12 ಸೆಂಟಿಮೀಟರಿಗೆ ತುಸು ಹೆಚ್ಚು. ಡಿಟಿಎಚ್ ತಟ್ಟೆ ಹಿಡಿಯುವ ತರಂಗದ್ದು ಸುಮಾರು ಎರಡೂವರೆ ಸೆಂಟಿಮೀಟರ್.

ಈ ಬಗೆಯ ಗಿಡ್ಡ ತರಂಗಗಳ ಮೇಲಿನ ಮೊದಲ ಪ್ರಯೋಗಗಳಲ್ಲಿ ಕೆಲವು ಭಾರತದಲ್ಲೇ ನಡೆದವು. 1890ರ ದಶಕದ ನಡುವೆ ಜಗದೀಶಚಂದ್ರ ಬೋಸ್ ಅವರು ಕೋಲ್ಕತ್ತದಲ್ಲಿ ಮಿಲಿಮೀಟರ್ ಅಳತೆಯ ತರಂಗಗಳನ್ನು ಹುಟ್ಟಿಸಿ, ಗೋಡೆಯ ಆಚೆಗೆ ಕಳಿಸಿ ಗಂಟೆ ಬಾರಿಸಿ ತೋರಿಸಿದರು. ಅದಕ್ಕೆ ಬಳಕೆಯ ದಾರಿ ತೆರೆದುಕೊಳ್ಳಲು ಅರ್ಧ ಶತಮಾನ ಬೇಕಾಯಿತು.

ರಡಾರಿನಿಂದ ಅಡುಗೆಮನೆಗೆ

1940ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅವರು ಪ್ರಬಲ ಮೈಕ್ರೊವೇವ್ ಹೊರಡಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ನಳಿಗೆಯನ್ನು ರೂಪಿಸಿದರು. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರಡಾರಿಗೆ ಅದೇ ಜೀವಾಳವಾಯಿತು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಮ್ಯಾಗ್ನೆಟ್ರಾನ್ ತಯಾರಿಕೆ ನೋಡಿಕೊಳ್ಳುತ್ತಿದ್ದ ಪರ್ಸಿ ಸ್ಪೆನ್ಸರ್, ಅದರ ಹತ್ತಿರ ನಿಂತಾಗ ಕಿಸೆಯಲ್ಲಿದ್ದ ಸಿಹಿತಿನಿಸು ಕರಗಿದ್ದನ್ನು ಗಮನಿಸಿದರು. 1945ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. ಆರಂಭದ ಓವನ್‌ಗಳು ಆಳೆತ್ತರ ಇದ್ದು 300 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿದ್ದವು. ಮನೆಯ ಕಟ್ಟೆಯ ಮೇಲೆ ಕೂರುವ ಓವನ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1967ರಲ್ಲಿ.

1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮ್ಮೇಳನವು ಸಂವಹನಕ್ಕಲ್ಲದ ಇಂಥ ಬಳಕೆಗಳಿಗೆ, ಅಂದರೆ ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯದ ಕಾಯಿಸುವ ಯಂತ್ರಗಳಿಗೆ, ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟಿತು. 2,450 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿ ಅದರಲ್ಲೊಂದು. ಈ ಪಟ್ಟಿಯಲ್ಲಿ ಮಾತುಕತೆ ನಡೆಸುವವರು ಓವನ್‌ಗಳ ಗದ್ದಲವನ್ನು ಸಹಿಸಿಕೊಳ್ಳಬೇಕು ಎಂಬುದು ನಿಯಮ. ಹೀಗಾಗಿ ದಶಕಗಳ ಕಾಲ ಸಂವಹನಕ್ಕೆ ಇದು ಬೇಡವಾದ ಜಾಗವಾಗಿತ್ತು. ಬೇಡವಾಗಿದ್ದುದೇ ಮುಂದೆ ಅನುಕೂಲವಾಯಿತು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಸಂಕೇತವನ್ನು ಅಗಲವಾಗಿ ಹರಡಿ ಕಳಿಸುವ ಕಡಿಮೆ ಶಕ್ತಿಯ ಸಾಧನಗಳಿಗೆ ಈ ಪಟ್ಟಿಯನ್ನು ಪರವಾನಗಿ ಇಲ್ಲದೆ ತೆರೆಯಿತು. ವೈಫೈಗೆ ಆಧಾರವಾದ 802.11 ಮಾನದಂಡ 1997ರಲ್ಲಿ, ಬ್ಲೂಟೂತ್‌ನ ಮೊದಲ ಆವೃತ್ತಿ 1999ರಲ್ಲಿ ಬಂದವು.

ಭಾರತದಲ್ಲಿ ರೇಡಿಯೊ ತರಂಗಗಳ ಹಂಚಿಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗದ ಕೆಲಸ. 2005ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆ 2,400ರಿಂದ 2,483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಪ್ರೇಷಕದ ಶಕ್ತಿ ಹೆಚ್ಚೆಂದರೆ 1 ವ್ಯಾಟ್, ಆಂಟೆನಾದ ಬಲ ಸೇರಿ 4 ವ್ಯಾಟ್ ಎಂಬ ಮಿತಿ ಇಟ್ಟಿತು. ಮನೆಯ ರೂಟರಿಗೆ ಯಾರೂ ಲೈಸೆನ್ಸ್ ತೆಗೆದುಕೊಳ್ಳದಿರುವುದು ಈ ವಿನಾಯಿತಿಯಿಂದಲೇ. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಒಟ್ಟು 605 ಮೆಗಾಹರ್ಟ್ಸ್ ಜಾಗ ಮುಕ್ತವಾಯಿತು.

ಕನ್ನಡ ನೆಲದಲ್ಲಿ ಮೈಕ್ರೊವೇವ್ ವಿದ್ಯೆ

ಮೈಕ್ರೊವೇವ್ ಎಂಜಿನಿಯರಿಂಗ್ ಭಾರತದಲ್ಲಿ ಬೇರೂರಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿ ಕನ್ನಡದ ಮಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ನಡುವೆ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೊ ಆವರ್ತನ ಮಾಪನದ ತರಬೇತಿಯನ್ನೂ ಪಡೆದರು. ಪಿಎಚ್‌.ಡಿ. ಮುಗಿಸಿ 1953ರಲ್ಲಿ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗ ಸೇರಿದರು. ಆ ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರಿಂಗ್ ಅಧ್ಯಾಪಕಿ ಅವರೇ. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮೈಕ್ರೊವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು; ಆಂಟೆನಾಗಳ ಮೇಲೆ ಪುಸ್ತಕ, ಪ್ರಬಂಧಗಳನ್ನು ಬರೆದರು; ಒಂದು ತಲೆಮಾರಿನ ಎಂಜಿನಿಯರುಗಳನ್ನು ಬೆಳೆಸಿದರು. 2010ರಲ್ಲಿ ಅವರು ನಿಧನರಾದರು.

1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರಡಾರುಗಳನ್ನೂ ಮೈಕ್ರೊವೇವ್ ನಳಿಗೆಗಳನ್ನೂ ತಯಾರಿಸತೊಡಗಿತು. ಅದರ ಆವರಣದಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆಯ ಮೈಕ್ರೊವೇವ್ ನಳಿಗೆ ಸಂಶೋಧನಾ ಕೇಂದ್ರವೂ ಇದೆ. ಹಾಸನದಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ 1980ರ ದಶಕದಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಬೃಹತ್ ಆಂಟೆನಾ 2008ರಲ್ಲಿ ಚಂದ್ರಯಾನಕ್ಕಾಗಿ ತಲೆಯೆತ್ತಿತು.

ಓವನ್ ಒಳಗೆ ನಡೆಯುವುದು

ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಮೈಕ್ರೊವೇವ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುಗಳು ಅದರೊಂದಿಗೆ ತಿರುಗಲು ಹವಣಿಸುತ್ತವೆ. ಪಕ್ಕದ ಅಣುಗಳೊಂದಿಗಿನ ಸೆಳೆತ ಅದನ್ನು ತಡೆಯುತ್ತದೆ, ಆ ತಿಕ್ಕಾಟವೇ ಶಾಖವಾಗುತ್ತದೆ. 2,450 ಮೆಗಾಹರ್ಟ್ಸ್ ನೀರಿನ ಅಣುವಿನ ‘ಸಹಜ ಕಂಪನ’ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ದ್ರವ ನೀರು ಮೈಕ್ರೊವೇವ್‌ಗಳನ್ನು ಅತಿ ಹೆಚ್ಚು ಹೀರುವುದು ಇದರ ಹಲವು ಪಟ್ಟು ಆವರ್ತನದಲ್ಲಿ. ಅಲ್ಲಿ ತರಂಗ ಹೊರಪದರದಲ್ಲೇ ಇಂಗಿಹೋಗುತ್ತಿತ್ತು. 2,450ರಲ್ಲಿ ಅದು ಆಹಾರದೊಳಗೆ ಒಂದೆರಡು ಸೆಂಟಿಮೀಟರ್ ಇಳಿಯುತ್ತದೆ. ಒಳಗಿನ ಭಾಗಕ್ಕೆ ಶಾಖ ಅಲ್ಲಿಂದ ಹರಿದು ತಲುಪುತ್ತದೆ.

ಮೈಕ್ರೊವೇವ್‌ನಲ್ಲಿ ಕಾಯಿಸಿದ ಆಹಾರ ವಿಕಿರಣಶೀಲವಾಗುವುದಿಲ್ಲ. ಯಂತ್ರ ನಿಂತ ಕ್ಷಣವೇ ತರಂಗವೂ ಇಲ್ಲವಾಗುತ್ತದೆ. ಪಾತ್ರೆಯಲ್ಲಿ ಉಳಿಯುವುದು ಶಾಖ ಮಾತ್ರ.

ಓವನ್‌ನ ಲೋಹದ ಗೋಡೆಗಳಿಂದ ಪುಟಿದ ತರಂಗಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ರದ್ದಾಗುತ್ತವೆ. ತಿರುಗುವ ತಟ್ಟೆಯನ್ನು ತೆಗೆದು, ಅಲುಗಾಡದ ಅಗಲ ಪಿಂಗಾಣಿ ತಟ್ಟೆಯ ಮೇಲೆ ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಹರಡಿ ಅರ್ಧ ನಿಮಿಷ ಓವನ್ ಓಡಿಸಿದರೆ ಇದು ಕಣ್ಣಿಗೆ ಕಾಣುತ್ತದೆ. ಹಪ್ಪಳ ಅಲ್ಲಲ್ಲಿ ಗುಳ್ಳೆಯೆದ್ದು ಬೆಳ್ಳಗೆ ಅರಳುತ್ತದೆ, ನಡುವಿನ ಜಾಗ ಹಸಿಯಾಗಿಯೇ ಉಳಿಯುತ್ತದೆ. ಅರಳಿದ ಕಲೆಗಳ ನಡುವಿನ ಅಂತರ ಸರಿಸುಮಾರು 6 ಸೆಂಟಿಮೀಟರ್, ಅಂದರೆ ತರಂಗದ ಅರ್ಧ ಉದ್ದ. ಅದನ್ನು ಎರಡರಿಂದ ಗುಣಿಸಿ, ಆವರ್ತನದಿಂದ ಮತ್ತೆ ಗುಣಿಸಿದರೆ ಸೆಕೆಂಡಿಗೆ 30 ಕೋಟಿ ಮೀಟರಿನ ಆಸುಪಾಸು ಬರುತ್ತದೆ. ಅದೇ ಬೆಳಕಿನ ವೇಗ. ಪ್ರೌಢಶಾಲೆಯ ಮಕ್ಕಳು ಶಿಕ್ಷಕರ ಎದುರು ಮಾಡಿ ನೋಡಬಹುದಾದ ಪ್ರಯೋಗವಿದು. ಓವನ್‌ನಲ್ಲಿ ತಟ್ಟೆ ತಿರುಗುವಂತೆ ಮಾಡಿರುವುದು ಈ ಬಿಸಿ–ತಣ್ಣನೆಯ ಕಲೆಗಳನ್ನು ಸರಿದೂಗಿಸಲೆಂದೇ.

ಬಾಗಿಲಿನ ಗಾಜಿನ ಹಿಂದಿನ ಲೋಹದ ಜಾಲರಿಯ ರಂಧ್ರಗಳು ಒಂದೆರಡು ಮಿಲಿಮೀಟರ್ ಅಗಲ. ಅತಿ ಗಿಡ್ಡ ತರಂಗವಾದ ಬೆಳಕು ಅವುಗಳಲ್ಲಿ ಸರಾಗವಾಗಿ ಹೊರಬರುತ್ತದೆ, ಹನ್ನೆರಡು ಸೆಂಟಿಮೀಟರ್ ಉದ್ದದ ಮೈಕ್ರೊವೇವ್‌ಗೆ ಅದು ಮುಚ್ಚಿದ ಗೋಡೆ. ಬಾಗಿಲಿನ ಅಂಚಿನ ಸುತ್ತ ಇರುವ ತೋಡು ಸೋರಿಕೆಯನ್ನು ಹಿಂದಕ್ಕೆ ತಳ್ಳುತ್ತದೆ. ಬಾಗಿಲು ತೆರೆದೊಡನೆ ಒಳಗಿನ ಸುರಕ್ಷತಾ ಸ್ವಿಚ್ಚುಗಳು ಮ್ಯಾಗ್ನೆಟ್ರಾನ್‌ನ ವಿದ್ಯುತ್ತನ್ನು ಕಡಿದುಹಾಕುತ್ತವೆ.

ಹಂಚಿಕೊಳ್ಳುವ ಶಿಸ್ತು

ಪರವಾನಗಿಯ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಜಾಗ ಗೊತ್ತು. ಮುಕ್ತ ಪಟ್ಟಿಯಲ್ಲಿ ಹಾಗಿಲ್ಲ. ಯಾರಿಗೂ ಹಕ್ಕಿಲ್ಲ, ಎಲ್ಲರಿಗೂ ಅವಕಾಶವಿದೆ. ಆದ್ದರಿಂದ ಸಾಧನಗಳೇ ಶಿಸ್ತು ಪಾಲಿಸಬೇಕು. ವೈಫೈಯ ದಾರಿ ಪಂಚಾಯ್ತಿ ಕಟ್ಟೆಯ ಮಾತಿನ ಹಾಗೆ: ಒಬ್ಬರು ಮಾತಾಡುವಾಗ ಉಳಿದವರು ಕೇಳಿಸಿಕೊಳ್ಳಬೇಕು, ಮೌನವಾದ ಮೇಲೆ ತುಸು ತಡೆದು ಬಾಯಿ ತೆರೆಯಬೇಕು. ಪ್ರತಿ ರೂಟರ್, ಪ್ರತಿ ಫೋನ್ ಮೊದಲು ಆಲಿಸುತ್ತದೆ. ವಾಹಿನಿ ಖಾಲಿ ಇದ್ದರೆ ಮಾತ್ರ, ಪ್ರತಿ ಸಲವೂ ಬದಲಾಗುವ ಒಂದು ಸಣ್ಣ ಅವಧಿ ಕಾದು, ತನ್ನ ದತ್ತಾಂಶದ ತುಣುಕನ್ನು ಕಳಿಸುತ್ತದೆ. ಎರಡು ಒಟ್ಟಿಗೆ ಹೊರಟು ಡಿಕ್ಕಿಯಾದರೆ ಎರಡೂ ಮತ್ತೆ ಕಾಯುತ್ತವೆ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈಫೈಗೆ 13 ವಾಹಿನಿಗಳಿವೆ. ಅವುಗಳ ಕೇಂದ್ರಗಳ ನಡುವೆ 5 ಮೆಗಾಹರ್ಟ್ಸ್ ಅಂತರ ಮಾತ್ರ, ಆದರೆ ಒಂದೊಂದರ ಅಗಲ ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ ಒಂದರ ಮೇಲೊಂದು ಚಾಚದೆ ಇರುವುದು 1, 6, 11ರಂಥ ಮೂರು ಮಾತ್ರ. ಅಕ್ಕಪಕ್ಕದ ಎರಡು ಹೋಮ್‌ಸ್ಟೇಗಳ ರೂಟರುಗಳು 3 ಮತ್ತು 5ರಲ್ಲಿ ಇದ್ದರೆ ಒಂದು ಇನ್ನೊಂದಕ್ಕೆ ಬರೀ ಗದ್ದಲವಾಗಿ ಕೇಳಿಸುತ್ತದೆ. 1 ಮತ್ತು 6ಕ್ಕೆ ಹಂಚಿಕೊಂಡರೆ ಇಬ್ಬರಿಗೂ ನೆಮ್ಮದಿ.

ಬ್ಲೂಟೂತ್ ಹಿಡಿದದ್ದು ಬೇರೆ ದಾರಿ. ಅದರ ಮೂಲ ವಿಧಾನದಲ್ಲಿ ಪಟ್ಟಿಯನ್ನು 1 ಮೆಗಾಹರ್ಟ್ಸ್ ಅಗಲದ 79 ತುಂಡುಗಳಾಗಿ ಸೀಳಿ, ಸೆಕೆಂಡಿಗೆ 1,600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯಲಾಗುತ್ತದೆ. ಯಾವುದೋ ತುಂಡಿನಲ್ಲಿ ವೈಫೈ ಇದ್ದರೆ ಕಳೆದುಹೋಗುವುದು ಅತ್ಯಲ್ಪ. 2003ರ ಆವೃತ್ತಿಯಿಂದೀಚೆಗೆ ಗದ್ದಲದ ತುಂಡುಗಳನ್ನು ಗುರುತಿಸಿ ಬಿಟ್ಟು ಜಿಗಿಯುವ ಜಾಣ್ಮೆಯೂ ಸೇರಿತು. ಜಿಗಿತದ ಈ ಉಪಾಯಕ್ಕೆ 1942ರಲ್ಲೇ ಒಂದು ಪೇಟೆಂಟ್ ಸಿಕ್ಕಿತ್ತು. ಅದನ್ನು ಪಡೆದವರು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಶತ್ರುವಿನ ಅಡ್ಡಿಗೆ ಸಿಗದ ಟಾರ್ಪಿಡೊ ನಿಯಂತ್ರಣ ಅವರ ಗುರಿಯಾಗಿತ್ತು. ಸ್ಮಾರ್ಟ್ ವಾಚುಗಳಲ್ಲಿರುವ ಕಡಿಮೆ ಶಕ್ತಿಯ ಬ್ಲೂಟೂತ್ ತನ್ನ ಪರಿಚಯ ಸಾರುವ ಮೂರು ತುಂಡುಗಳನ್ನು ವೈಫೈಯ 1, 6, 11ನೇ ವಾಹಿನಿಗಳ ಸಂದುಗಳಲ್ಲೇ ಇಟ್ಟುಕೊಂಡಿದೆ.

ಇವೆರಡಕ್ಕೂ ಇರುವ ಶಿಸ್ತು ಓವನ್‌ಗೆ ಇಲ್ಲ, ಏಕೆಂದರೆ ಅದು ಯಾರ ಮಾತನ್ನೂ ಕೇಳಿಸಿಕೊಳ್ಳುವ ಯಂತ್ರವಲ್ಲ. ಅದರ ಸುಮಾರು 800 ವ್ಯಾಟ್ ಶಕ್ತಿಯಲ್ಲಿ ಸುರಕ್ಷತಾ ಮಿತಿಯೊಳಗೇ ಸೋರುವ ಅತ್ಯಲ್ಪ ಅಂಶವೂ ರೂಟರಿನ ಸಂಕೇತದ ಎದುರು ದೊಡ್ಡ ಗದ್ದಲವೇ. ಅಡುಗೆಮನೆಯಲ್ಲಿ ಓವನ್ ಓಡುವಾಗ ಪಡಸಾಲೆಯ ವಿಡಿಯೊ ತಡವರಿಸುವುದಕ್ಕೆ ಇದು ಕಾರಣ. ಮಾಮೂಲಿ ಓವನ್‌ನಲ್ಲಿ 50 ಹರ್ಟ್ಸ್ ಮನೆವಿದ್ಯುತ್ತಿನ ಅರ್ಧ ಆವರ್ತದಲ್ಲಷ್ಟೇ ಮ್ಯಾಗ್ನೆಟ್ರಾನ್ ಉರಿಯುತ್ತದೆ. ಹೀಗಾಗಿ ಸೆಕೆಂಡಿಗೆ 50 ಸಲ ಸುಮಾರು 10 ಮಿಲಿಸೆಕೆಂಡಿನ ಬಿಡುವು ಸಿಗುತ್ತದೆ, ಅಷ್ಟರಲ್ಲೇ ವೈಫೈ ತನ್ನ ತುಣುಕುಗಳನ್ನು ನುಸುಳಿಸುತ್ತದೆ. ರೂಟರನ್ನು ಓವನ್‌ನಿಂದ ದೂರ ಇಡುವುದು, ಹತ್ತಿರದ ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ಬದಲಿಸುವುದು ಇದಕ್ಕೆ ಪರಿಹಾರ. ಆದರೆ 5 ಗಿಗಾಹರ್ಟ್ಸ್‌ನ ಗಿಡ್ಡ ತರಂಗ ಗೋಡೆ ದಾಟುವಲ್ಲಿ ಸೋಲುತ್ತದೆ. ಹನುಮನಹಳ್ಳಿಯ ಸುತ್ತ ಇರುವಂಥ ಕಲ್ಲುಗೋಡೆಯ ಮನೆಗಳಲ್ಲಿ, ಬಂಡೆಗೆ ಒತ್ತಿ ಕಟ್ಟಿದ ಕೋಣೆಗಳಲ್ಲಿ ದೂರದ ಮೂಲೆಗೆ ತಲುಪಲು 2.4 ಗಿಗಾಹರ್ಟ್ಸ್ ಈಗಲೂ ಬೇಕು. ರೂಟರನ್ನು ಎತ್ತರದಲ್ಲಿ, ಮನೆಯ ನಡುಭಾಗದಲ್ಲಿ, ಲೋಹದ ಬೀರು ಮತ್ತು ನೀರಿನ ತೊಟ್ಟಿಯಿಂದ ದೂರ ಇಡುವುದು ಒಳ್ಳೆಯದು.

ಹನುಮಮಾಲೆ ವಿಸರ್ಜನೆಯ ದಿನ ಅಂಜನಾದ್ರಿಯ ಬುಡದಲ್ಲಿ ಸೇರುವಂಥ ಜನಸಾಗರದಲ್ಲಿ ಮೊಬೈಲ್ ಜಾಲ ಕುಂಟುವುದಕ್ಕೂ ಹಂಚಿಕೆಯೇ ಕಾರಣ. ತರಂಗ ದುರ್ಬಲವಾಗಿರುವುದಿಲ್ಲ, ಒಂದೇ ಟವರಿನ ಸೀಮಿತ ಜಾಗವನ್ನು ಸಾವಿರಾರು ಫೋನುಗಳು ಒಟ್ಟಿಗೆ ಕೇಳುತ್ತಿರುತ್ತವೆ.

ನೆರೆಹೊರೆಯ ತರಂಗಗಳು

ಈ ಪಟ್ಟಿಯ ಎರಡೂ ಬದಿಗೆ ನೆರೆಯವರಿದ್ದಾರೆ. ಕೆಳಬದಿಯ 2,300–2,400 ಮೆಗಾಹರ್ಟ್ಸ್ ಭಾರತದಲ್ಲಿ 4ಜಿ ಸೇವೆಗೆ ಹರಾಜಾಗಿದೆ. ಮೇಲ್ಬದಿಯಲ್ಲಿ, ವೈಫೈ ಪಟ್ಟಿ ಮುಗಿದ ಕೂಡಲೇ 2,492 ಮೆಗಾಹರ್ಟ್ಸ್‌ನಲ್ಲಿ ಭಾರತದ ಸ್ವಂತ ದಾರಿಸೂಚಕ ವ್ಯವಸ್ಥೆಯಾದ ನಾವಿಕ್ ಉಪಗ್ರಹಗಳ ಒಂದು ಸಂಕೇತ ಬರುತ್ತದೆ. ಅದರ ಉಸ್ತುವಾರಿ ಬ್ಯಾಲಾಳುವಿನ ಇಸ್ರೊ ಕೇಂದ್ರದ್ದು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿಯುವ ಆ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಅತಿ ಕ್ಷೀಣವಾಗಿರುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದರೆ ಪಕ್ಕದ ಪಟ್ಟಿಯ ಕೋಟ್ಯಂತರ ರೂಟರುಗಳು ತಮ್ಮ ಗಡಿ ಮೀರಬಾರದು. ಶಕ್ತಿಯ ಮಿತಿ, ಗಡಿಯ ಮಿತಿ ಇರುವುದು ಇಂಥ ದುರ್ಬಲ ಸಂಕೇತಗಳ ರಕ್ಷಣೆಗೂ ಹೌದು.

ಗಡಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದ ಅನುಭವ ಸಾಕ್ಷಿ. ಅಲ್ಲಿನ ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿದ ವಿಚಿತ್ರ ಸಂಕೇತಗಳ ಮೂಲ 2015ರಲ್ಲಿ ಪತ್ತೆಯಾಯಿತು: ಕೇಂದ್ರದ ಸಿಬ್ಬಂದಿ ಸಮಯ ಮುಗಿಯುವ ಮುನ್ನವೇ ಓವನ್ ಬಾಗಿಲು ತೆರೆದಾಗ, ಮ್ಯಾಗ್ನೆಟ್ರಾನ್ ಆರುವ ಕ್ಷಣದಲ್ಲಿ ಹೊರಬಿದ್ದ ತರಂಗ ಅದಾಗಿತ್ತು. ಮನುಷ್ಯರಿಗೆ ಯಾವ ಅಪಾಯವನ್ನೂ ಮಾಡದ ಆ ಕಿರು ಸ್ಫೋಟ ಆಕಾಶ ಆಲಿಸುವ ಕಿವಿಗೆ ದೊಡ್ಡ ಸದ್ದಾಗಿತ್ತು.

ಇತರ ಆವರ್ತನಗಳ ಮೈಕ್ರೊವೇವ್‌ಗಳೂ ದಿನಬಳಕೆಯಲ್ಲಿವೆ. ಹೊಸಪೇಟೆ–ಕುಷ್ಟಗಿ ಹೆದ್ದಾರಿಯ ಹಿಟ್ನಾಳ ಟೋಲ್‌ನಲ್ಲಿ ವಾಹನದ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಓದುವುದು 865–867 ಮೆಗಾಹರ್ಟ್ಸ್ ತರಂಗ. ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ, ಬಂದ ತರಂಗದ ಶಕ್ತಿಯಿಂದಲೇ ಅದು ಉತ್ತರಿಸುತ್ತದೆ. ಡಿಟಿಎಚ್ ತಟ್ಟೆ ಹಿಡಿಯುವುದು 11–12 ಗಿಗಾಹರ್ಟ್ಸ್ ಆಸುಪಾಸಿನ ತರಂಗವನ್ನು. ಅಷ್ಟು ಗಿಡ್ಡ ತರಂಗವನ್ನು ಮಳೆಹನಿಗಳು ಹೀರಿ ಚೆದುರಿಸುವುದರಿಂದ ಜೋರು ಮಳೆಯಲ್ಲಿ ಟಿವಿಯ ಚಿತ್ರ ನಿಲ್ಲುತ್ತದೆ, ಅದೇ ಮಳೆಯಲ್ಲಿ ವೈಫೈಗೆ ಏನೂ ಆಗುವುದಿಲ್ಲ.

ಶಕ್ತಿಯ ಪ್ರಮಾಣವೇ ಮುಖ್ಯ

ಎಕ್ಸ್-ರೇಯಂಥ ವಿಕಿರಣದ ಒಂದೊಂದು ಕಣಕ್ಕೂ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ, ಡಿಎನ್‌ಎ ಕೆಡಿಸುವ ಶಕ್ತಿ ಇದೆ. 2,450 ಮೆಗಾಹರ್ಟ್ಸ್ ತರಂಗದ ಕಣಕ್ಕೆ ಇರುವ ಶಕ್ತಿ ಅದಕ್ಕೆ ಬೇಕಾದ ಕನಿಷ್ಠಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆ. ಎಷ್ಟು ಕಣಗಳು ಬಂದರೂ ಅವು ಅಣುವನ್ನು ಒಡೆಯಲಾರವು. ಖಚಿತವಾಗಿ ತಿಳಿದಿರುವ ಮೈಕ್ರೊವೇವ್ ಹಾನಿಯೆಂದರೆ ಅತಿಯಾದ ಶಾಖ. ರಕ್ತಸಂಚಾರ ಕಡಿಮೆ ಇರುವ ಕಣ್ಣಿನ ಮಸೂರದಂಥ ಭಾಗಗಳು ಶಾಖವನ್ನು ಬೇಗ ಕಳೆದುಕೊಳ್ಳಲಾರವು, ಆದ್ದರಿಂದ ಪ್ರಬಲ ತರಂಗದಿಂದ ಅವಕ್ಕೆ ಹೆಚ್ಚು ಅಪಾಯ.

ಶಾಖದ ಲೆಕ್ಕ ಶಕ್ತಿಯ ಲೆಕ್ಕವೇ. ಓವನ್ ತನ್ನ ಪೆಟ್ಟಿಗೆಯೊಳಗೆ ಸುಮಾರು 800 ವ್ಯಾಟ್ ಸುರಿಯುತ್ತದೆ. ಮನೆಯ ರೂಟರಿನ ಶಕ್ತಿ ಸಾಮಾನ್ಯವಾಗಿ 0.1 ವ್ಯಾಟ್ ಆಸುಪಾಸು, ಎಂಟು ಸಾವಿರ ಪಟ್ಟು ಕಡಿಮೆ. ಬ್ಲೂಟೂತ್ ಇಯರ್‌ಫೋನಿನದು ಕೆಲವೇ ಮಿಲಿವ್ಯಾಟ್. ಓವನ್ ತನ್ನ ಶಕ್ತಿಯನ್ನು ಲೋಹದ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತದೆ, ರೂಟರ್ ಎಲ್ಲ ದಿಕ್ಕಿಗೂ ಹರಡಿಬಿಡುತ್ತದೆ. ದೂರ ಎರಡರಷ್ಟಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಸದಾ ಪೂರ್ಣ ಬಲದಲ್ಲಿ ಕಳಿಸುತ್ತಿದೆ ಎಂದುಕೊಂಡರೂ ರೂಟರಿನಿಂದ ಒಂದು ಮೀಟರ್ ದೂರದಲ್ಲಿ ಬೀಳುವುದು ಚದರ ಮೀಟರಿಗೆ ಸುಮಾರು 8 ಮಿಲಿವ್ಯಾಟ್.

ಅಂತರರಾಷ್ಟ್ರೀಯ ಮಿತಿಗಳು ಶಾಖದ ಲೆಕ್ಕದ ಮೇಲೇ ನಿಂತಿವೆ. ಇಡೀ ಮೈಗೆ ಕಿಲೋಗ್ರಾಮಿಗೆ 4 ವ್ಯಾಟ್ ಹೀರಿಕೆಯಾದರೆ ದೇಹದ ಉಷ್ಣಾಂಶ ಒಂದು ಡಿಗ್ರಿಯಷ್ಟು ಏರಬಹುದು. ಜನಸಾಮಾನ್ಯರಿಗೆ ಅದರ ಐವತ್ತನೇ ಒಂದು ಭಾಗವನ್ನಷ್ಟೇ ಮಿತಿಯಾಗಿ ಇಟ್ಟು, ಅದರಿಂದ ಪರಿಸರದಲ್ಲಿ ಇರಬಹುದಾದ ತೀವ್ರತೆಯನ್ನು 2 ಗಿಗಾಹರ್ಟ್ಸ್ ಮೇಲಿನ ತರಂಗಕ್ಕೆ ಚದರ ಮೀಟರಿಗೆ 10 ವ್ಯಾಟ್ ಎಂದು ನಿಗದಿ ಮಾಡಲಾಗಿದೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಟವರುಗಳಿಗೆ ಅದರ ಹತ್ತನೇ ಒಂದು ಭಾಗದ, ಅಂದರೆ 1 ವ್ಯಾಟಿನ, ಕಟ್ಟುನಿಟ್ಟಿನ ಮಿತಿ ತಂದಿತು. ರೂಟರಿನ ಆ 8 ಮಿಲಿವ್ಯಾಟ್ ಇದರ ಎದುರೂ ನೂರು ಪಟ್ಟಿಗಿಂತ ಕಡಿಮೆ. ಅದೇ ದಿನದಿಂದ ಫೋನುಗಳಿಗೆ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಕಿಲೋಗ್ರಾಮಿಗೆ 1.6 ವ್ಯಾಟ್ ಹೀರಿಕೆಯ ಮಿತಿ ಜಾರಿಯಾಯಿತು. ಹಲವು ಫೋನುಗಳಲ್ಲಿ *#07# ಒತ್ತಿದರೆ ಆ ಅಂಕಿ ಪರದೆಯ ಮೇಲೆ ಬರುತ್ತದೆ.

ಕ್ಯಾನ್ಸರ್ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ ತಿಂಗಳಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಕ್ಯಾನ್ಸರಿಗೆ ಕಾರಣವಾಗಿರಬಹುದಾದ, ಆದರೆ ಪುರಾವೆ ಸೀಮಿತವಾಗಿರುವ ಸಂಗತಿಗಳ ಗುಂಪದು. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಆ ವರ್ಗೀಕರಣ ಹೇಳುವುದಿಲ್ಲ, ಪುರಾವೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ. ಅಮೆರಿಕದಲ್ಲಿ 2018ರಲ್ಲಿ ಮುಗಿದ ಪ್ರಾಣಿ ಅಧ್ಯಯನದಲ್ಲಿ, ಎರಡು ವರ್ಷ ದಿನಕ್ಕೆ ಒಂಬತ್ತು ಗಂಟೆ ಪ್ರಬಲ ತರಂಗದಲ್ಲಿಟ್ಟ ಗಂಡು ಹೆಗ್ಗಣಗಳ ಹೃದಯದಲ್ಲಿ ಗಡ್ಡೆಗಳು ಹೆಚ್ಚು ಕಂಡವು. ಹೆಣ್ಣು ಹೆಗ್ಗಣಗಳಲ್ಲಿ, ಇಲಿಗಳಲ್ಲಿ ಅಂಥ ಸ್ಪಷ್ಟ ಫಲಿತಾಂಶ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆ 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜಾಲಾಡಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊಬೈಲ್ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರಿಗೆ ಅದರ ನಂಟು ಕಾಣಲಿಲ್ಲ.

ಕೊರೊನಾ ಎರಡನೇ ಅಲೆಯ ಹೊತ್ತಿನಲ್ಲಿ, 2021ರಲ್ಲಿ, 5ಜಿ ಪ್ರಯೋಗವೇ ಸಾವುಗಳಿಗೆ ಕಾರಣ ಎಂಬ ವದಂತಿ ಹಬ್ಬಿತು. ಆಗ ದೇಶದಲ್ಲಿ 5ಜಿ ಪ್ರಯೋಗ ಎಲ್ಲೂ ಆರಂಭವೇ ಆಗಿರಲಿಲ್ಲ ಎಂದು ದೂರಸಂಪರ್ಕ ಇಲಾಖೆ ಸ್ಪಷ್ಟಪಡಿಸಬೇಕಾಯಿತು. ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಇಂಥ ವದಂತಿಗಳ ದೊಡ್ಡ ನಷ್ಟವೆಂದರೆ ಜನರ ಗಮನ ನಿಜವಾದ ಅಪಾಯಗಳಿಂದ ಆಚೆ ಸರಿಯುವುದು.

ನಿಜವಾದ ಅಪಾಯಗಳು

ಮೈಕ್ರೊವೇವ್ ಓವನ್‌ನಿಂದ ಆಗುವ ಗಾಯಗಳಲ್ಲಿ ಮುಖ್ಯವಾದವು ಸುಟ್ಟಗಾಯಗಳು. ನುಣುಪಾದ ಗಾಜಿನ ಲೋಟದಲ್ಲಿ ಬರೀ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದು ಕುದಿಬಿಂದು ದಾಟಿಯೂ ಗುಳ್ಳೆಯೇಳದೆ ಸುಮ್ಮನಿರಬಲ್ಲದು. ಹೊರತೆಗೆದು ಕಾಫಿ ಪುಡಿ ಹಾಕಿದೊಡನೆ ಅಷ್ಟೂ ನೀರು ಒಮ್ಮೆಲೇ ಉಕ್ಕಿ ಮುಖ, ಕೈ ಸುಡುತ್ತದೆ. ಮೊದಲೇ ಒಂದು ಮರದ ಚಮಚ ಇಟ್ಟು ಕಾಯಿಸಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಬೇಕು. ಮಗುವಿನ ಹಾಲನ್ನು ಬಾಟಲಿಯಲ್ಲೇ ಓವನ್‌ಗೆ ಇಡಬಾರದು. ಬಾಟಲಿ ತಣ್ಣಗಿದ್ದರೂ ಒಳಗೆ ಅಲ್ಲಲ್ಲಿ ಹಾಲು ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ಚಿಪ್ಪಿನ ಮೊಟ್ಟೆ, ಬಿಗಿ ಮುಚ್ಚಳದ ಡಬ್ಬಿ ಒಳಗಿನ ಉಗಿಯಿಂದ ಸಿಡಿಯುತ್ತವೆ. ಸ್ಟೀಲ್ ಡಬ್ಬಿ, ಅಲ್ಯುಮಿನಿಯಂ ಹಾಳೆ, ಚಿನ್ನದ ಅಂಚಿನ ತಟ್ಟೆಗಳಲ್ಲಿ ಕಿಡಿ ಹಾರುತ್ತದೆ. ಖಾಲಿ ಓವನ್ ಓಡಿಸಿದರೆ ಶಕ್ತಿ ಹೀರುವವರಿಲ್ಲದೆ ಮ್ಯಾಗ್ನೆಟ್ರಾನ್ ಕೆಡಬಹುದು.

ಸೋರಿಕೆಗೆ ಅಂತರರಾಷ್ಟ್ರೀಯ ಮಿತಿ ಓವನ್ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್. ಅರ್ಧ ಮೀಟರ್ ಸರಿದು ನಿಂತರೆ ಅದು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಜಾಲರಿ ಹರಿದಿದ್ದರೆ ಆ ಓವನ್ ಬಳಸಬಾರದು. ಅಂಚಿಗೆ ಜಿಡ್ಡು ಕಟ್ಟಿ ಬಾಗಿಲು ಸರಿಯಾಗಿ ಕೂರದಂತಾಗದಂತೆ ಒರೆಸುತ್ತಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಓವನ್ ಬಿಚ್ಚುವುದರಲ್ಲಿದೆ. ಮ್ಯಾಗ್ನೆಟ್ರಾನ್‌ಗೆ ಸಾವಿರಾರು ವೋಲ್ಟ್ ಒದಗಿಸುವ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರಬಹುದು. ಮುಟ್ಟಿದವರ ಪ್ರಾಣ ಹೋಗಬಲ್ಲದು. ಟಿವಿ, ಮಿಕ್ಸರ್ ರಿಪೇರಿ ಮಾಡಿದ ಕೈಚಳಕ ಇಲ್ಲಿ ಸಾಲದು. ಹಳೆಯ ಓವನ್ನಿನ ಟ್ರಾನ್ಸ್‌ಫಾರ್ಮರ್ ತೆಗೆದು ಮರದ ಮೇಲೆ ಮಿಂಚಿನ ಚಿತ್ತಾರ ಬಿಡಿಸುವ ವಿಡಿಯೊಗಳನ್ನು ಅನುಕರಿಸಿ ಹಲವು ದೇಶಗಳಲ್ಲಿ ಜನ ಸತ್ತಿದ್ದಾರೆ.

ಪೇಸ್‌ಮೇಕರ್ ಅಳವಡಿಸಿಕೊಂಡವರು ಫೋನನ್ನು ಅಂಗಿಯ ಎದೆಕಿಸೆಯಲ್ಲಿ ಇಡಬಾರದು. ಕನಿಷ್ಠ 15 ಸೆಂಟಿಮೀಟರ್ ಅಂತರ ಇರಲಿ ಎಂಬುದು ವೈದ್ಯರ ಸಲಹೆ. ಫೋನಿನಲ್ಲಿರುವ ಅಯಸ್ಕಾಂತವೂ ಇದಕ್ಕೆ ಕಾರಣ. ಸಂಕೇತ ಕ್ಷೀಣವಿರುವಲ್ಲಿ ಟವರನ್ನು ಮುಟ್ಟಲು ಫೋನ್ ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಆದ್ದರಿಂದ ಬಂಡೆಗಳ ಮರೆಯಲ್ಲಿ, ಒಂದೇ ಗೆರೆ ತೋರುವಾಗ ದೀರ್ಘ ಮಾತುಕತೆಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸುವುದು ವಿವೇಕ. ಟವರ್ ಹತ್ತಿರವಿದ್ದು ಸಂಕೇತ ಚೆನ್ನಾಗಿದ್ದರೆ ಕಿವಿಗೆ ಒತ್ತಿದ ಫೋನಿನಿಂದ ತಲೆಗೆ ತಲುಪುವ ಶಕ್ತಿ ಕಡಿಮೆಯಾಗುತ್ತದೆ.

ಪರಿಶೀಲನೆ ಮತ್ತು ಕಾನೂನು

ಸಂಕೇತ ಸಿಗದ ಊರುಗಳಲ್ಲಿ ಅಂಗಡಿಯಿಂದಲೋ ಆನ್‌ಲೈನ್‌ನಲ್ಲೋ ‘ಸಿಗ್ನಲ್ ಬೂಸ್ಟರ್’ ತಂದು ಮಾಳಿಗೆಗೆ ಕಟ್ಟುವುದುಂಟು. ಪರವಾನಗಿ ಪಡೆದ ಮೊಬೈಲ್ ಸೇವಾ ಕಂಪನಿಗಳ ಹೊರತು ಬೇರೆಯವರು ಅದನ್ನು ಇಟ್ಟುಕೊಳ್ಳುವುದು, ಮಾರುವುದು ಕಾನೂನುಬಾಹಿರ. ಒಂದು ಮನೆಯ ಬೂಸ್ಟರ್ ಸುತ್ತಲಿನ ಟವರಿಗೆ ಗದ್ದಲ ತುಂಬಿ ಇಡೀ ಓಣಿಯ ಕರೆಗಳನ್ನು ಕೆಡಿಸುತ್ತದೆ. ವೈಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ಫೋನಿನಲ್ಲಿ ತೆರೆದುಕೊಳ್ಳುವುದು ಇದಕ್ಕೆ ಸರಿಯಾದ ಪರ್ಯಾಯ.

ಮನೆ ಪಕ್ಕದ ಟವರಿನ ಬಗ್ಗೆ ಸಂಶಯವಿದ್ದವರಿಗೆ ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ‘ತರಂಗ್ ಸಂಚಾರ್’ ಜಾಲತಾಣ ತೆರೆಯಿತು. ಸುತ್ತಲಿನ ಟವರುಗಳು ಯಾವುವು, ಅವು ಮಿತಿಯೊಳಗಿವೆಯೇ ಎಂಬುದನ್ನು ಅಲ್ಲಿ ನೋಡಬಹುದು. ನಿಗದಿತ ಶುಲ್ಕ ಕಟ್ಟಿ ಮನೆಯ ಬಳಿ ಅಳತೆ ಮಾಡಿಸಿಕೊಳ್ಳಲೂ ಅವಕಾಶವಿದೆ. ಗ್ರಾಮ ಪಂಚಾಯ್ತಿಯ ಸಭೆಯಲ್ಲಿ ಟವರ್ ಬೇಕೋ ಬೇಡವೋ ಎಂಬ ವಾದ ಎದ್ದಾಗ ವದಂತಿಗಿಂತ ಆ ಅಳತೆಯ ಕಾಗದ ಹೆಚ್ಚು ಉಪಯುಕ್ತ.

ಮೈಕ್ರೊವೇವ್‌ನ ಸುರಕ್ಷತೆಯನ್ನು ನಿರ್ಧರಿಸುವುದು ಸಾಧನದ ಶಕ್ತಿ ಎಷ್ಟು, ಅದು ಎಷ್ಟು ದೂರದಲ್ಲಿದೆ, ಎಷ್ಟು ಹೊತ್ತು ಮೈಗೆ ತಾಕುತ್ತದೆ ಎಂಬ ಮೂರು ಸಂಗತಿಗಳು. ಮುಚ್ಚಿದ ಪೆಟ್ಟಿಗೆಯ ನೂರಾರು ವ್ಯಾಟಿಗೆ ಎಚ್ಚರ ಬೇಕು, ಬಯಲಿನ ಮಿಲಿವ್ಯಾಟಿಗೆ ಅಂಜಬೇಕಿಲ್ಲ. ಆವರ್ತನ ಎರಡಕ್ಕೂ ಒಂದೇ ಎಂಬುದು ಈ ಲೆಕ್ಕವನ್ನು ಬದಲಿಸುವುದಿಲ್ಲ.